ಮನೆ ಸ್ವಂತದ್ದು, ಮನಸ್ಸು ಬಾಡಿಗೆಯದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ನೋಡಿಕೊಂಡು ನೋಡು ಎಂದು ಮಾತ್ರ ಯಾರೂ ಹೇಳಲಿಲ್ಲ. ಅವರ ಮನೆಗಳಿಗೆ ಆ ಮಾತಿನ ಅಗತ್ಯ ಅಷ್ಟಾಗಿ ಇರಲಿಲ್ಲವೆನ್ನಿ. ಹೊಗೆ ಹೋಗಲು ಗವಾಕ್ಷಿಯಿತ್ತು, ನೀರು ಕಾಯಲು ಬಚ್ಚಲಲ್ಲಿ ಹಂಡೆಯಿತ್ತು, ಬೇಸಗೆಗೆ ಹೂಜಿಯೂ ಬೀಸಣಿಗೆಯೂ ಇದ್ದುವು. ಕೆಟ್ಟರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು. ಇಂದಿನ ಮನೆಯಲ್ಲಿ ಕಾವನ್ನೂ ತಂಪನ್ನೂ ಕೊಡುವುದು ಗೋಡೆಗೆ ತೂಗುಹಾಕಿದ ಬಿಳಿಯ ಪೆಟ್ಟಿಗೆಗಳು. ಅವುಗಳ ಹೊಟ್ಟೆಯೊಳಗೆ ಏನು ನಡೆದಿದೆಯೆಂಬುದು ಮನೆಯ ಯಜಮಾನನಿಗೆ ತಿಳಿಯದು. ತಿಳಿಯಬೇಕೆಂಬ ಆಸೆಯೂ ಅವನಿಗಿಲ್ಲ. ಈ ಲೇಖನ ಆ ಯಜಮಾನನ ಮೇಲಿನ ದೂರು. ಅಂಥ ಯಜಮಾನರಲ್ಲಿ ಮೊದಲನೆಯವರು ನಾವೇ ಆದುದರಿಂದ ಓದುಗ ಬಂಧುಗಳು ಬೇಸರಪಡಬೇಕಾಗಿಲ್ಲ.

ನಾವು ಕೇಂದ್ರ ಸರಕಾರದ ಒಂದು ಕಚೇರಿಯ ಗುಮಾಸ್ತರು. ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ, ನೌಕರಿ ಹಿಡಿದು ಮುಂಬಯಿಗೆ ಬಂದು, ಹದಿನಾಲ್ಕು ವರ್ಷ ಸರಕಾರಿ ವಸತಿಗೃಹದಲ್ಲಿ ಕಳೆದೆವು. ನಲ್ಲಿ ಸೋರಿದರೆ ದೂರಿನ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು, ಮಿಸ್ತ್ರಿ ಬರುವತನಕ ಕೆಳಗೊಂದು ಬಾಲ್ದಿ ಇಡುವುದು, ಇಷ್ಟೇ ನಮ್ಮ ಗೃಹಕೃತ್ಯವಾಗಿತ್ತು. ಮುಂದೆ ವರ್ಗವಾಗಿ ಲಾಸಲಗಾಂವಿಗೆ ಬಂದೆವು. ಮುಂಬಯಿಯಿಂದ ಭುಸಾವಳದ ಕಡೆ ಹೋಗುವ ಗಾಡಿಯಲ್ಲಿ ನಾಸಿಕ, ನಿಫಾಡಗಳನ್ನು ದಾಟಿದ ಮೇಲೆ, ಮನ್ಮಾಡ ಬರುವ ಮುನ್ನ ಸಿಗುವ ಊರು ಇದು. ಇಲಾಖೆಯ ಮುಂಗಡ, ಬ್ಯಾಂಕಿನ ಸಾಲ, ನಮ್ಮ ಮನೆಯವರ ನಾಲ್ಕು ಬಳೆ ಎಲ್ಲ ಕೂಡಿಸಿ ಇಲ್ಲಿ ಎರಡು ಕೋಣೆಯ ಸ್ವಂತ ಮನೆ ಕೊಂಡೆವು. ಗೃಹಪ್ರವೇಶದ ದಿನ ನಾಸಿಕ ರೋಡಿನಿಂದ, ಓಝರಿನ ವಿಮಾನ ಕಾರ್ಖಾನೆಯ ಟೌನ್‌ಶಿಪ್ಪಿನಿಂದ ಕನ್ನಡದ ಬಂಧುಗಳು ಬಂದು ಹೋಳಿಗೆ ಉಂಡು ಹರಸಿ ಹೋದರು.

ಮುಂಬಯಿಯವರಿಗೆ ಇಲ್ಲಿಯ ಹವೆಯ ಕಲ್ಪನೆ ಇರಲಾರದು. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು ೪೦ ಡಿಗ್ರಿ ಮುಟ್ಟುತ್ತದೆ. ಡಿಸೆಂಬರ್ ಜನವರಿಯಲ್ಲಿ ಇದೇ ನಿಫಾಡ ತಾಲೂಕಿನಲ್ಲಿ ಬೆಳಗಿನ ಉಷ್ಣತೆ ೫ ಡಿಗ್ರಿಯ ಹತ್ತಿರ ಇಳಿಯುವುದುಂಟು. ಹೀಗಾಗಿ ಒಂದೇ ವರ್ಷದಲ್ಲಿ ಏ.ಸಿ., ಕೂಲರು, ಗ್ಯಾಸ್ ಗೀಜರು ಮೂರೂ ಕಂತಿನ ಮೇಲೆ ಮನೆಗೆ ಬಂದುವು. ಅವುಗಳೊಡನೆ ಬಂದ ಕೈಪಿಡಿಗಳು ಪ್ಲಾಸ್ಟಿಕ್ ಚೀಲದಿಂದ ಹೊರಬಾರದೆ ಅಟ್ಟ ಸೇರಿದುವು. ಕಂತಿನ ರಸೀದಿಗಳನ್ನು ಮಾತ್ರ ಫೈಲು ಮಾಡಿ ಇಟ್ಟೆವು. ಗುಮಾಸ್ತರಲ್ಲವೆ!

ಎರಡನೆಯ ಚಳಿಗಾಲದ ಒಂದು ಬೆಳಗು. ಹನ್ನೆರಡನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ಮಗಳು ಸ್ನಾನಕ್ಕೆ ಹೋದಳು. ಹತ್ತು ನಿಮಿಷವಾಯಿತು, ಹದಿನೈದಾಯಿತು. ನೀರಿನ ಸದ್ದು ನಿಲ್ಲಲಿಲ್ಲ. ಕರೆದರೆ ಉತ್ತರವಿಲ್ಲ. ನಮ್ಮ ಮನೆಯವರು ಬಾಗಿಲು ಬಡಿದು ಕೂಗಿದ್ದು ಕೇಳಿ ಪಕ್ಕದ ಮನೆಯ ರೈತ, ನಾವೆಲ್ಲ ಭಾವೂ ಎಂದು ಕರೆಯುವವರು, ಓಡಿಬಂದು ಎರಡೇ ಒದೆಗೆ ಚಿಲಕ ಮುರಿದರು. ಹುಡುಗಿ ನೆಲದ ಮೇಲೆ ಕುಸಿದಿದ್ದಳು. ಹೊದಿಕೆ ಸುತ್ತಿ ಅಂಗಳದ ಗಾಳಿಗೆ ತಂದೆವು. ದವಾಖಾನೆಗೆ ಒಯ್ದು ಆಮ್ಲಜನಕ ಕೊಡಿಸಿದ ಮೇಲೆ ಕಣ್ಣು ಬಿಟ್ಟಳು. ಇನ್ನು ಐದು ನಿಮಿಷ ತಡವಾಗಿದ್ದರೆ, ಎಂದು ಡಾಕ್ಟರರು ಆರಂಭಿಸಿದ ಮಾತನ್ನು ಪೂರ್ತಿ ಮಾಡಲಿಲ್ಲ. ನಾವೂ ಕೇಳಲಿಲ್ಲ.

ತಪ್ಪು ಯಾರದು? ಗೀಜರನ್ನು ಬಚ್ಚಲ ಒಳಗೇ ಮೊಳೆ ಹೊಡೆದು ತೂಗಿಸಿ, ಚಹಾ ಕುಡಿದು ಹೋದ ಅಂಗಡಿಯ ಹುಡುಗನದು ಒಂದು ಪಾಲು. ಅಂಗೈಯಗಲದ ಗವಾಕ್ಷಿ ಬಿಟ್ಟು ಬಚ್ಚಲು ಕಟ್ಟಿದವನದು ಇನ್ನೊಂದು ಪಾಲು. ಮಿಕ್ಕ ದೊಡ್ಡ ಪಾಲು ನಮ್ಮದು. ಚಳಿ ಬರುತ್ತದೆಂದು ಆ ಅಂಗೈಯಗಲದ ಗವಾಕ್ಷಿಗೂ ಹಳೆಯ ವರ್ತಮಾನ ಪತ್ರಿಕೆ ಅಂಟಿಸಿದವರು ನಾವು. ಸ್ವಂತ ಕೈಯಿಂದ, ಮೈದಾಹಿಟ್ಟಿನ ಅಂಟು ಕಾಸಿ, ಅಚ್ಚುಕಟ್ಟಾಗಿ!

ರಸಾಯನಶಾಸ್ತ್ರ ಓದಿದ ಮನುಷ್ಯ ಮಾಡಿದ ಕೆಲಸ ಇದು. ಲೆಕ್ಕ ಬಹಳ ಸುಲಭ. ಒಂದು ಕಿಲೋ ಅಡುಗೆ ಅನಿಲ ಪೂರ್ತಿ ಉರಿಯಲು ಸುಮಾರು ೧೫ ಕಿಲೋ ಗಾಳಿ ಬೇಕು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವುದೇ ಸುಮಾರು ಆರೂವರೆ ಕಿಲೋ ಗಾಳಿ. ಸಾಮಾನ್ಯ ಗೀಜರು ಹತ್ತು ನಿಮಿಷಕ್ಕೆ ೧೫೦ ಗ್ರಾಂ ಅನಿಲ ಉರಿಸಿತೆಂದು ಹಿಡಿದರೆ, ಬಚ್ಚಲ ಗಾಳಿಯಲ್ಲಿ ಮೂರನೆಯ ಒಂದು ಪಾಲು ಅದಕ್ಕೇ ಬೇಕು. ಹೊಸ ಗಾಳಿ ಬಾರದಿದ್ದರೆ ಜ್ವಾಲೆಗೆ ಉಸಿರು ಸಾಲದು. ಆಗ ಇಂಗಾಲದ ಡೈ ಆಕ್ಸೈಡಿನ ಜತೆಗೆ ಇಂಗಾಲದ ಮಾನಾಕ್ಸೈಡು ಹುಟ್ಟತೊಡಗುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಆಸೆಯಿಂದ ಈ ವಿಷವನ್ನು ಅಪ್ಪಿಕೊಳ್ಳುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲಕ್ಕೆ ಬೆರೆಸಿರುವ ದುರ್ವಾಸನೆ ಉರಿಯದೆ ಸೋರಿದ ಅನಿಲವನ್ನು ತಿಳಿಸುತ್ತದೆಯೇ ಹೊರತು ಇದನ್ನಲ್ಲ. ವಾಸನೆ ಬರಲಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ನಂಬುವುದು ಹೀಗೆ ಪ್ರಾಣಕ್ಕೆ ಎರವಾಗುತ್ತದೆ. ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ, ಕಾಲಲ್ಲಿ ಬಲವಿರುವುದಿಲ್ಲ. ಬಾಗಿಲು ತೆರೆಯಬೇಕೆಂದು ಹೊಳೆಯುವಷ್ಟರಲ್ಲಿ ತೆರೆಯುವ ಶಕ್ತಿ ಹೋಗಿರುತ್ತದೆ. ಇಷ್ಟೆಲ್ಲ ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆವು. ಬಚ್ಚಲಿಗೆ ಮಾತ್ರ ಆ ಶಾಸ್ತ್ರ ಪ್ರವೇಶಿಸಲಿಲ್ಲ.

ಅಂದು ಸಂಜೆ ಭಾವೂ ನಮ್ಮ ಬಚ್ಚಲನ್ನು ನೋಡಿದರು. ಅಂಟಿಸಿದ ಕಾಗದವನ್ನು ಬೆರಳಿನಿಂದ ಹರಿದು, ನಮ್ಮ ಮುಖ ನೋಡದೆಯೇ ಒಂದು ಮಾತು ಹೇಳಿದರು: "ಸಾಹೇಬ, ಕಾಂದ್ಯಾಲಾ ಸುದ್ಧಾ ವಾರಾ ಲಾಗ್ತೋ." ಉಳ್ಳಾಗಡ್ಡಿಗೂ ಗಾಳಿ ಬೇಕಾಗುತ್ತದೆ, ಸಾಹೇಬರೆ!

ಈ ಮಾತಿನ ತೂಕ ತಿಳಿಯಬೇಕಾದರೆ ಲಾಸಲಗಾಂವಿನ ಉಳ್ಳಾಗಡ್ಡಿಯನ್ನು ತಿಳಿಯಬೇಕು. ನಮ್ಮ ಕಡೆ ಉಳ್ಳಾಗಡ್ಡಿ, ಮಂಗಳೂರಿನವರಿಗೆ ನೀರುಳ್ಳಿ, ಮೈಸೂರಿನವರಿಗೆ ಈರುಳ್ಳಿ. ಹೆಸರು ಏನೇ ಇರಲಿ, ಅದರ ಬೆಲೆ ದೇಶದಲ್ಲಿ ಏರುವುದೂ ಇಳಿಯುವುದೂ ೧೯೪೭ರಲ್ಲಿ ಸ್ಥಾಪನೆಯಾದ ಇಲ್ಲಿಯ ಮಾರುಕಟ್ಟೆ ಸಮಿತಿಯ ಹರಾಜನ್ನು ನೋಡಿಕೊಂಡು. ಬೇಸಗೆಯಲ್ಲಿ ಕಿತ್ತ ಗಡ್ಡೆಯನ್ನು ರೈತ ದೀಪಾವಳಿಯ ತನಕ ಕಾಪಾಡಬೇಕು. ಅದಕ್ಕೆ ಅವನು ಕಟ್ಟುವ ಮನೆಯ ಹೆಸರು ಕಾಂದಾ ಚಾಳ. ಮುಂಬಯಿಯಲ್ಲಿ ನಮ್ಮ ಹಿರಿಯರು ಬಾಳಿದ್ದು ಚಾಳಿನಲ್ಲಿ, ಇಲ್ಲಿ ಉಳ್ಳಾಗಡ್ಡಿ ಬಾಳುವುದೂ ಚಾಳಿನಲ್ಲಿ. ವ್ಯತ್ಯಾಸವಿಷ್ಟೆ, ಉಳ್ಳಾಗಡ್ಡಿಯ ಚಾಳನ್ನು ಯೋಚಿಸಿ ಕಟ್ಟಿರುತ್ತಾರೆ.

ನೆಲದಿಂದ ಒಂದೂವರೆ ಎರಡು ಅಡಿ ಎತ್ತರದಲ್ಲಿ ಅಟ್ಟಣೆ, ಕೆಳಗಿನಿಂದ ಗಾಳಿ ಏರಲೆಂದು. ಬದಿಗಳಿಗೆ ಸಂದು ಬಿಟ್ಟು ಹೆಣೆದ ಬಿದಿರು ಇಲ್ಲವೆ ಪಟ್ಟಿ, ಅಡ್ಡಗಾಳಿ ಹಾಯಲೆಂದು. ರಾಶಿ ನಾಲ್ಕೈದು ಅಡಿಗಿಂತ ಅಗಲವಾಗಬಾರದು, ನಡುವಿನ ಗಡ್ಡೆಗೂ ಉಸಿರು ತಲುಪಬೇಕು. ಬರಿಯ ತಗಡು ಹೊದಿಸಿದರೆ ಒಳಗೆ ಕಾವು ಏರುತ್ತದೆಂದು ಬಲ್ಲವರು ಮಂಗಳೂರು ಹೆಂಚು ಹಾಕಿಸುತ್ತಾರೆ. ಹೌದು, ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ನಾಡಿಗೆ ಹರಡಿದ ಅದೇ ಕೆಂಪು ಹೆಂಚು! ಕನ್ನಡ ನಾಡಿನ ಹೆಂಚಿನ ನೆರಳಿನಲ್ಲಿ ನಿಫಾಡದ ಉಳ್ಳಾಗಡ್ಡಿ ತಣ್ಣಗಿದೆ. ಕನ್ನಡ ನಾಡಿನ ನಾವು ಕಾದ ಕಾಂಕ್ರೀಟಿನ ಕೆಳಗೆ ಬೆವರುತ್ತಿದ್ದೇವೆ.

ಇದೇ ಊರಿನಲ್ಲಿ ಭಾಭಾ ಅಣು ಸಂಶೋಧನ ಕೇಂದ್ರದವರ ವಿಕಿರಣ ಘಟಕವೂ ೨೦೦೨ರಿಂದ ಇದೆ. ಕೋಬಾಲ್ಟಿನ ಗಾಮಾ ಕಿರಣ ತಾಗಿಸಿದರೆ ಉಳ್ಳಾಗಡ್ಡಿ ಮೊಳಕೆಯೊಡೆಯುವುದಿಲ್ಲ. ಆದರೆ ಕಿರಣ ತಾಗಿಸಿ ತಂದು ಗಾಳಿಯಿಲ್ಲದ ಕೋಣೆಯಲ್ಲಿ ಸುರಿದರೆ ಅದೂ ಕೊಳೆಯುತ್ತದೆ. ಯಂತ್ರ ಎಷ್ಟೇ ದೊಡ್ಡದಿರಲಿ, ಪಾಲನೆಯ ಕೆಲಸ ತಪ್ಪಲಿಲ್ಲ. ಭಾವೂ ವಾರಕ್ಕೊಮ್ಮೆ ಚಾಳಿನ ಸುತ್ತ ನಡೆದು ಮೂಸಿ ನೋಡುತ್ತಾರೆ, ಕೊಳೆತದ್ದನ್ನು ಹೆಕ್ಕಿ ಎಸೆಯುತ್ತಾರೆ. ಅವರಿಗೆ ಬಿ.ಎಸ್‌ಸಿ. ಇಲ್ಲ. ಆ ಚಾಳು ತನ್ನದೆಂಬ ಭಾವನೆ ಇದೆ.

ನಮಗೆ ಇಲ್ಲದ್ದು ಆ ಭಾವನೆಯೇ. ವಲಸೆ ಬಂದ ಕನ್ನಡ ಕುಟುಂಬಗಳು ಒಂದೆರಡು ತಲೆಮಾರು ಬಾಡಿಗೆಯ ಕೋಣೆಗಳಲ್ಲಿ, ಹೊಟೇಲಿನ ಅಟ್ಟಗಳಲ್ಲಿ, ಕಂಪೆನಿಯ ಕ್ವಾರ್ಟರ್ಸುಗಳಲ್ಲಿ ಕಳೆದುವು. ಮೊಳೆ ಹೊಡೆಯಬೇಕಾದರೂ ಮಾಲಿಕನ ಅಪ್ಪಣೆ ಬೇಕಿತ್ತು. ಎಂದಾದರೊಂದು ದಿನ ಊರಿಗೆ ಹಿಂತಿರುಗುವೆವು, ಈ ಗೋಡೆಯ ಗೊಡವೆ ನಮಗೇಕೆ ಎಂಬ ಮಾತು ನಮ್ಮಲ್ಲಿ ಬೇರೂರಿತು. ಇಂದು ನಾಸಿಕದಲ್ಲಿ, ಛತ್ರಪತಿ ಸಂಭಾಜಿನಗರದಲ್ಲಿ, ಠಾಣೆ ಡೊಂಬಿವಲಿಗಳಲ್ಲಿ ಮನೆ ನಮ್ಮ ಹೆಸರಿಗೆ ನೋಂದಣಿಯಾಗಿದೆ. ಮನಸ್ಸು ಮಾತ್ರ ಇನ್ನೂ ಬಾಡಿಗೆಯದು. ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸಲು ಎರಡು ಸಾವಿರ ಖರ್ಚು ಮಾಡುತ್ತೇವೆ. ಅರ್ಥಿಂಗ್ ಇದೆಯೋ ಇಲ್ಲವೋ ನೋಡಿಸಲು ಇನ್ನೂರು ಕೊಡುವುದಿಲ್ಲ.

ಇಲ್ಲಿ ಕೆಲವರು ಆಕ್ಷೇಪಿಸುವುದುಂಟು. "ಇದೆಲ್ಲ ಮೆಕ್ಯಾನಿಕನ ಕೆಲಸ. ವರ್ಷಕ್ಕೆ ಇಷ್ಟೆಂದು ಕಾಂಟ್ರಾಕ್ಟು ಕೊಟ್ಟಿದ್ದೇವಲ್ಲ?" ಕೊಡಿ ಸ್ವಾಮಿ, ಬೇಡವೆಂದವರಾರು! ಆದರೆ ಏನೂ ತಿಳಿಯದವನಿಗೆ ಮೆಕ್ಯಾನಿಕನು ಹೇಳಿದ್ದೇ ವೇದವಾಗುತ್ತದೆ. ನಮ್ಮ ಏ.ಸಿ.ಗೆ ಎರಡು ಬೇಸಗೆ ಸತತವಾಗಿ "ಗ್ಯಾಸ್ ಮುಗಿದಿದೆ" ಎಂದು ಹೇಳಿ ಗ್ಯಾಸ್ ತುಂಬಿ ಹಣ ಒಯ್ದರು. ಏ.ಸಿ.ಯ ಅನಿಲ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತ ಒಳಗಿನ ಕಾವನ್ನು ಹೊರಗೆ ಹೊತ್ತು ಹಾಕುವ ಕೂಲಿ ಅದು. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿಕೆ ಹುಡುಕದೆ ತುಂಬುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಮೂರನೆಯ ವರ್ಷ ಬಲ್ಲ ಗೆಳೆಯರೊಬ್ಬರು ಕೊಳವೆಯ ಜೋಡಣೆಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ತೋರಿಸಿದರು. ಒಂದು ನಟ್ಟು ಸಡಿಲಾಗಿತ್ತು, ಅಷ್ಟೆ. ಈಗಿನ ಹಲವು ಏ.ಸಿ.ಗಳಲ್ಲಿರುವ ಆರ್-೩೨ ಎಂಬ ಅನಿಲಕ್ಕೆ ಹೊತ್ತಿಕೊಳ್ಳುವ ಗುಣವೂ ಸ್ವಲ್ಪ ಇದೆ. ಆದ್ದರಿಂದ "ಸೋರಿಕೆ ಎಲ್ಲಿ? ತೋರಿಸಿ, ಆಮೇಲೆ ತುಂಬಿ" ಎಂಬ ಒಂದು ವಾಕ್ಯವನ್ನು ಪ್ರತಿ ಗೃಹಿಣಿಯೂ ಬಾಯಿಪಾಠ ಮಾಡಬೇಕು.

"ನಮಗೆ ಸಮಯವೆಲ್ಲಿ?" ಎಂಬುದು ಎರಡನೆಯ ಆಕ್ಷೇಪ. ಹದಿನೈದು ದಿನಕ್ಕೊಮ್ಮೆ ಏ.ಸಿ.ಯ ಮುಚ್ಚಳ ಎತ್ತಿ ಜಾಳಿಗೆಯನ್ನು ನಲ್ಲಿಯ ಕೆಳಗೆ ತೊಳೆದು ನೆರಳಲ್ಲಿ ಒಣಗಿಸಲು ಹತ್ತು ನಿಮಿಷ ಸಾಕು. ಧಾರಾವಾಹಿಯ ಜಾಹೀರಾತುಗಳ ನಡುವೆ ಮುಗಿಯುವ ಕೆಲಸ. ಹೊರಗಿನ ಪೆಟ್ಟಿಗೆಯನ್ನೂ ಮರೆಯಬಾರದು. ನಮ್ಮ ಊರಿನಲ್ಲಿ ಹಂಗಾಮು ಬಂತೆಂದರೆ ಉಳ್ಳಾಗಡ್ಡಿಯ ಸಿಪ್ಪೆ ಬೀದಿಬೀದಿ ಹಾರುತ್ತದೆ; ಆ ಪೆಟ್ಟಿಗೆಯ ಬೆನ್ನಿಗೆ ಕಂಬಳಿಯಂತೆ ಅಂಟುತ್ತದೆ. ಕಾವು ಹೊರಹೋಗಲು ದಾರಿಯಿಲ್ಲದೆ ಯಂತ್ರ ಏದುಸಿರು ಬಿಡುತ್ತದೆ, ಬಿಲ್ಲು ಏರುತ್ತದೆ, ನಾವು ವಿದ್ಯುತ್ ಮಂಡಳಿಯನ್ನು ಬಯ್ಯುತ್ತೇವೆ. ೨೦೨೦ರ ಜನವರಿಯಿಂದ ನಕ್ಷತ್ರ ಚೀಟಿಯ ಏ.ಸಿ.ಗಳೆಲ್ಲ ತಾವಾಗಿ ೨೪ ಡಿಗ್ರಿಯಲ್ಲಿ ಆರಂಭವಾಗಬೇಕೆಂದು ಸರಕಾರ ನಿಯಮ ಮಾಡಿತು. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ ಉಳಿಯುವುದೆಂದು ಇಂಧನ ದಕ್ಷತೆಯ ಬ್ಯೂರೋ ಹೇಳುತ್ತದೆ. ನಾವು ಮಾಡುವುದೇನು? ೧೮ಕ್ಕೆ ಇಳಿಸಿ, ರಜಾಯಿ ಹೊದ್ದು ಮಲಗುತ್ತೇವೆ. ಇದಕ್ಕೆ ಅಂತಸ್ತು ಎಂದು ಹೆಸರು.

ಕೂಲರಿನ ಕಥೆ ಇದರ ತದ್ವಿರುದ್ಧ. ಏ.ಸಿ.ಗೆ ಕಿಟಕಿ ಮುಚ್ಚಬೇಕು, ಕೂಲರಿಗೆ ತೆರೆಯಬೇಕು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಹೀರುತ್ತದೆ. ನಮ್ಮ ಅಜ್ಜಿಯ ಹೂಜಿ ನಡೆದದ್ದೂ ಇದೇ ನಿಯಮದ ಮೇಲೆ. ಒಣ ಹವೆಯ ನಾಸಿಕ, ಸಂಭಾಜಿನಗರಗಳಲ್ಲಿ ಅದು ಬಡವನ ಏ.ಸಿ. ಕಿಟಕಿ ಮುಚ್ಚಿದರೆ ಅಥವಾ ಮಳೆಗಾಲ ಬಂದ ಮೇಲೂ ಓಡಿಸಿದರೆ ಕೋಣೆ ಜವುಗಾಗುವುದು ಮಾತ್ರ ಲಾಭ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ತಿಕ್ಕಬೇಕು, ಏಕೆಂದರೆ ಡೆಂಗೆಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯ ತನಕ ಬೆಳೆಯಲು ವಾರ ಹತ್ತು ದಿನ ಸಾಕು. ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವ ಸಂಭಾಜಿನಗರದ ಬಂಧುಗಳಿಗೆ ಚೆಲ್ಲುವುದು ಕಷ್ಟವೆಂದು ಬಲ್ಲೆವು. ಆ ನೀರು ಶೌಚಾಲಯಕ್ಕೆ ಆಗಬಹುದು. ತಗಡಿನ ಕೂಲರಿಗೆ ನೀರು ತುಂಬುವಾಗ ಪ್ಲಗ್ಗನ್ನು ಕಿತ್ತಿಡಿ. ಒದ್ದೆ ಕೈ, ತಗಡಿನ ಮೈ, ಅರ್ಥಿಂಗ್ ಇಲ್ಲದ ತಂತಿ, ಈ ಮೂರು ಕೂಡಿದಲ್ಲಿ ಯಮನಿಗೆ ಕರೆಯೋಲೆ ಬೇಕಿಲ್ಲ.

ಗೀಜರಿನ ವಿಷಯದಲ್ಲಿ ನಮ್ಮದು ಹಟವೆಂದೇ ತಿಳಿಯಿರಿ. ಗ್ಯಾಸಿನದಾದರೆ ಬಚ್ಚಲ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಹೊಗೆಯ ಕೊಳವೆ ಬಯಲಿಗೆ ಹೋಗಲಿ. ಅದಕ್ಕೆ ಜಾಗವಿಲ್ಲದ ಮನೆಗೆ ಗ್ಯಾಸ್ ಗೀಜರು ಬೇಡವೇ ಬೇಡ. ವಿದ್ಯುತ್ತಿನದಾದರೆ ೨೦೦೦ ವಾಟಿನ ಗೀಜರು ಸುಮಾರು ೯ ಆಂಪಿಯರು ಎಳೆಯುತ್ತದೆ. ಅದನ್ನು ೬ ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಸಿಕ್ಕಿಸುವುದು ಎಮ್ಮೆಯನ್ನು ಆಡಿನ ಹಗ್ಗದಲ್ಲಿ ಕಟ್ಟಿದ ಹಾಗೆ. ದೊಡ್ಡ ಸಾಕೆಟ್ಟು, ಸರಿಯಾದ ಅರ್ಥಿಂಗ್, ಸೋರುವ ವಿದ್ಯುತ್ತನ್ನು ಕ್ಷಣದಲ್ಲಿ ಕಡಿಯುವ ಸ್ವಿಚ್ಚು, ಇವು ಮೂರೂ ಇರಲಿ. ಬೋರಿನ ಗಡಸು ನೀರು ತೊಟ್ಟಿಯೊಳಗೆ ಸುಣ್ಣದ ಪದರ ಕಟ್ಟುತ್ತದೆ. ತೊಟ್ಟಿ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಮ್ಮಿನ ಕಡ್ಡಿಯೊಂದು ಒಳಗಿರುತ್ತದೆ. ವರ್ಷಕ್ಕೊಮ್ಮೆ ತೆರೆದು ಸುಣ್ಣ ತೆಗೆಸಿ ಆ ಕಡ್ಡಿಯನ್ನು ನೋಡಿಸದಿದ್ದರೆ ಐದಾರು ವರ್ಷಕ್ಕೆ ತೊಟ್ಟಿಯೇ ಹೋದೀತು.

"ಕಟ್ಟಿದವನು ಸರಿಯಾಗಿ ಕಟ್ಟಬೇಕಿತ್ತು" ಎಂಬುದು ಮೂರನೆಯ ಆಕ್ಷೇಪ. ಇದನ್ನು ನಾವು ಪೂರ್ತಿ ಒಪ್ಪುತ್ತೇವೆ. ಹಾಗಾದರೆ ಅವನನ್ನು ಕೇಳಿದಿರಾ? ೨೦೧೬ರ ರೇರಾ ಕಾಯದೆಯ ೧೪ನೆಯ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ, ಒದಗಿಸಿದ ಸೌಕರ್ಯಗಳಲ್ಲಿ ದೋಷ ಕಂಡು ತಿಳಿಸಿದರೆ, ಕಟ್ಟಿದವನು ೩೦ ದಿನಗಳಲ್ಲಿ ತನ್ನ ಖರ್ಚಿನಿಂದ ಸರಿಪಡಿಸಬೇಕು. ಕಾಯದೆಯ ವ್ಯಾಪ್ತಿಗೆ ಬರುವ ಯೋಜನೆಯಲ್ಲಿ ಮನೆ ಕೊಂಡವರೆಲ್ಲರಿಗೂ ಈ ಹಕ್ಕು ಇದೆ. ಬಾಡಿಗೆದಾರ ಗೊಣಗುತ್ತಾನೆ, ಒಡೆಯ ಅರ್ಜಿ ಬರೆಯುತ್ತಾನೆ. ದಿನವೆಲ್ಲ ಕಚೇರಿಯಲ್ಲಿ ಪತ್ರ ಬರೆಯುವ ನಮ್ಮಂಥವರು ಸ್ವಂತ ಮನೆಗಾಗಿ ಒಂದು ಪತ್ರ ಬರೆಯಲಿಲ್ಲವೆಂಬುದು ನಾಚಿಕೆಯ ಸಂಗತಿ.

ಸರಕಾರಕ್ಕೂ ಕಂಪೆನಿಗಳಿಗೂ ಒಂದು ಮಾತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಏ.ಸಿ.ಯ ಮೇಲಿನ ಜಿ.ಎಸ್.ಟಿ. ನೂರಕ್ಕೆ ೨೮ರಿಂದ ೧೮ಕ್ಕೆ ಇಳಿಯಿತು. ಕೊಳ್ಳುವುದು ಅಗ್ಗವಾಯಿತು, ಸಂತೋಷ. ಕೊಂಡದ್ದನ್ನು ಕಾಪಾಡುವ ವಿದ್ಯೆ ಯಾವ ಭಾಷೆಯಲ್ಲಿ ಸಿಗುತ್ತದೆ? ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಯಂತ್ರವನ್ನು ದಿನವೂ ಮುಟ್ಟುವುದು ಮನೆಯ ಹೆಂಗಸರು. ಎಚ್ಚರಿಕೆಯನ್ನು ಬರೆದಿರುವುದು ಅವರು ಓದಲಾರದ ನುಡಿಯಲ್ಲಿ. ಕನ್ನಡವೆಂದರೆ ರಾಜ್ಯೋತ್ಸವದ ಭಾಷಣವೆಂದು ನಾವು ತಿಳಿದಿರುವತನಕ ಯಾವ ಕಂಪೆನಿಯೂ ನಮ್ಮ ನುಡಿಯಲ್ಲಿ ಕೈಪಿಡಿ ಅಚ್ಚು ಮಾಡಲಾರದು.

ಹಾಗೆಂದು ಎಲ್ಲಕ್ಕೂ ಯಂತ್ರವೇ ಮದ್ದಲ್ಲ. ೨೦೧೦ರ ಮೇ ತಿಂಗಳ ಭೀಕರ ಬಿಸಿಲಿನಲ್ಲಿ ನೂರಾರು ಜನರನ್ನು ಕಳೆದುಕೊಂಡ ಅಹಮದಾಬಾದು ೨೦೧೩ರಲ್ಲಿ ಬಿಸಿಲನ್ನು ಎದುರಿಸುವ ಯೋಜನೆ ಮಾಡಿತು. ಮುಂದೆ ಬಡವರ ಮಾಳಿಗೆಗಳಿಗೆ ಸುಣ್ಣ ಬಳಿಯುವ ಕೆಲಸಕ್ಕೂ ಕೈಹಾಕಿತು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮೇಲಿನ ಅಂತಸ್ತಿನಲ್ಲಿರುವವರು ಏ.ಸಿ. ಕೊಳ್ಳುವ ಮೊದಲು ಮಾಳಿಗೆಗೆ ಸುಣ್ಣ ಬಳಿದು ನೋಡಲಿ, ಪಡುವಣ ಕಿಟಕಿಗೆ ಚಾಪೆ ಕಟ್ಟಿ ನೋಡಲಿ.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ಬಿನ್ನಹ. ವರ್ಷಕ್ಕೆ ಎರಡು ಯಕ್ಷಗಾನ, ಒಂದು ನಾಟಕ, ಹಳದಿಕುಂಕುಮ, ಸತ್ಯನಾರಾಯಣ ಪೂಜೆ ಎಲ್ಲ ನಡೆಯಲಿ. ಜತೆಗೆ ಬೇಸಗೆಯ ಮುನ್ನ ಒಂದು ಭಾನುವಾರ, ಚಳಿಗಾಲದ ಮುನ್ನ ಒಂದು ಭಾನುವಾರ ಸದಸ್ಯರಿಗಾಗಿ ಮೀಸಲಿಡಿ. ರೈಲ್ವೆಯಲ್ಲಿ, ವಿಮಾನ ಕಾರ್ಖಾನೆಯಲ್ಲಿ ಯಂತ್ರಗಳೊಡನೆ ಆಯುಷ್ಯ ಕಳೆದು ನಿವೃತ್ತರಾದ ಹಿರಿಯರು ನಮ್ಮಲ್ಲೇ ಇದ್ದಾರೆ. ಅವರ ಮುಂದೆ ಒಂದು ಏ.ಸಿ., ಒಂದು ಗೀಜರು ಬಿಚ್ಚಿ ಇಡಿ, ಕನ್ನಡದಲ್ಲಿ ತೋರಿಸಲಿ. ಮುಖ್ಯವಾಗಿ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂಡಲಿ. ಹೊಸ ಮನೆ ಹೊಕ್ಕ ಸದಸ್ಯರಿಗೆ ಹೂಗುಚ್ಛದ ಬದಲು ಹತ್ತು ಸಾಲಿನ ಒಂದು ಎಚ್ಚರಿಕೆಯ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಕೊಡಿ; ಬಚ್ಚಲ ಬಾಗಿಲಿಗೆ ಅಂಟಿಸಿಕೊಳ್ಳಲಿ.

ನಮ್ಮ ಬಚ್ಚಲಲ್ಲಿ ಈಗ ಗೀಜರಿಲ್ಲ. ಅದು ಹಿಂದಿನ ತೆರೆದ ಜಗಲಿಯಲ್ಲಿದೆ. ಗವಾಕ್ಷಿಯನ್ನು ಒಡೆಸಿ ಎರಡರಷ್ಟು ಮಾಡಿಸಿದ್ದೇವೆ. ಜನವರಿಯಲ್ಲಿ ಅದರಿಂದ ನಿಫಾಡದ ಚಳಿಯೆಲ್ಲ ಒಳಗೆ ನುಗ್ಗುತ್ತದೆ. ಮಗಳು ಹಲ್ಲು ಕಟಕಟಿಸುತ್ತ "ಅಪ್ಪಾ, ಅದನ್ನೊಂದಿಷ್ಟು ಮುಚ್ಚಬಾರದೆ?" ಎಂದು ಕೂಗುತ್ತಾಳೆ. ಆ ಕೂಗು ಕೇಳಿದಷ್ಟು ದಿನ ನಾವು ಮುಚ್ಚುವುದಿಲ್ಲ.